ಐವತ್ತರ ಸೆಸ್ನಾಕ್ಕೆ ಒಳಗಿನಿಂದ ಹೊಸ ಕಳೆ: ಸೆಮ್ ಕಲರ್ ಕೋಟ್ ಬಳಸಿ ನೋಡಿದ ಮೇಲೆ

1975ರ ಮಾದರಿಯ ಸೆಸ್ನಾ 172ಎಂ ವಿಮಾನವೊಂದರಲ್ಲಿ ನನಗೂ ಇಬ್ಬರು ಗೆಳೆಯರಿಗೂ ಸಮಪಾಲಿದೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರಕ್ಕಿರುವ ಡೆಂಟನ್ ವಿಮಾನ ನಿಲ್ದಾಣದಲ್ಲಿ ಅದರ ವಾಸ. ಈಗ ಹ್ಯಾಂಗರಿನ ನೆರಳು ಸಿಕ್ಕಿದೆಯಾದರೂ ನಮ್ಮ ಕೈಗೆ ಬರುವ ಮುನ್ನ ಅದು ವರ್ಷಗಟ್ಟಲೆ ಬಯಲಿನಲ್ಲಿ, ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಎಂಜಿನ್ ಆರೋಗ್ಯವಾಗಿತ್ತು, ಹೊರಮೈಯ ಬಣ್ಣವೂ ಹತ್ತಡಿ ದೂರದಿಂದ ನೋಡುವಂತಿತ್ತು. ಬಾಗಿಲು ತೆರೆದಾಗ ಮಾತ್ರ ವಯಸ್ಸು ಮುಖಕ್ಕೆ ಹೊಡೆಯುತ್ತಿತ್ತು. ಉಪಕರಣ ಫಲಕದ ಕಪ್ಪು ಹೊದಿಕೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾಗಿಲ ಪಕ್ಕದ ಕಂಬಗಳ ಪ್ಲಾಸ್ಟಿಕ್ ಎಲೆ ಅಡಿಕೆ ಹಾಕುವವರ ಹಲ್ಲಿನಂತಾಗಿತ್ತು. ಒಂದೊಂದು ಸ್ಕ್ರೂವಿನ ರಂಧ್ರದಿಂದಲೂ ಬಿರುಕೊಂದು ಹೊರಟು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತಿತ್ತು. ಬೆಂಗಳೂರಿನ ಜಕ್ಕೂರಿನ ಬೇಲಿಯ ಆಚೆ ನಿಂತು ತರಬೇತಿ ವಿಮಾನಗಳನ್ನು ಬಾಯಿ ತೆರೆದು ನೋಡಿದ್ದ ಹುಡುಗನಿಗೆ, ಮೂವತ್ತು ವರ್ಷಗಳ ನಂತರ ತನ್ನದೇ ವಿಮಾನದ ಒಳಗೆ ಕುಳಿತು ಇಷ್ಟು ಬೇಸರವಾಗಬಾರದಿತ್ತು.

ಹೀಗಾಗಿ ಒಳಗಿನ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಬಿಚ್ಚಿ, ಸೆಮ್ ಕಂಪನಿಯ ಕಲರ್ ಕೋಟ್ ಎಂಬ ಸ್ಪ್ರೇ ಬಣ್ಣವನ್ನು ಹೊಡೆದೆವು. ಅದಾಗಿ ಹದಿನಾಲ್ಕು ತಿಂಗಳಾಯಿತು. ಒಂದು ಪೂರ್ತಿ ಟೆಕ್ಸಸ್ ಬೇಸಿಗೆಯನ್ನು ಅದು ಕಂಡಿದೆ. ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮಾಸಿದ, ಹಳದಿಗಟ್ಟಿದ, ಆದರೆ ಇನ್ನೂ ಕಸುವಿರುವ ಪ್ಲಾಸ್ಟಿಕ್‌ಗೆ ಇಷ್ಟು ಕಡಿಮೆ ಹಣದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಕಸುವು ಕಳೆದುಕೊಂಡ ಪ್ಲಾಸ್ಟಿಕ್‌ಗೆ ಇದು ಶವಶೃಂಗಾರ. ಇವೆರಡರಲ್ಲಿ ನಿಮ್ಮ ಕೈಯಲ್ಲಿರುವುದು ಯಾವುದೆಂದು ಡಬ್ಬಿ ಕೊಳ್ಳುವ ಮುನ್ನವೇ ಗುರುತಿಸುವುದು ಈ ಕೆಲಸದ ಅರ್ಧ ಭಾಗ.

ಗುರುತಿಸುವುದಕ್ಕೆ ಆ ಪ್ಲಾಸ್ಟಿಕ್ ಏನೆಂದು ಸ್ವಲ್ಪ ತಿಳಿದಿರಬೇಕು. ಆ ಕಾಲದ ಸೆಸ್ನಾಗಳ ಒಳಹೊದಿಕೆಯನ್ನು ಇಲ್ಲಿಯ ಮೆಕ್ಯಾನಿಕ್‌ಗಳು ಇಂದಿಗೂ ರಾಯಲೈಟ್ ಎಂಬ ಹಳೆಯ ವ್ಯಾಪಾರನಾಮದಿಂದಲೇ ಕರೆಯುತ್ತಾರೆ. ಎಬಿಎಸ್ ಎಂಬ ಜಾತಿಯ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಮೆತ್ತಗಾದಾಗ ಅಚ್ಚಿನ ಮೇಲೆ ಗಾಳಿಯೆಳೆದು ಕೂರಿಸಿ ಮಾಡಿದ ತೆಳುವಾದ ಚಿಪ್ಪು ಅದು. ಎಬಿಎಸ್‌ಗೆ ಗಟ್ಟಿತನದ ಜೊತೆಗೆ ಬಾಗುವ ಗುಣವನ್ನು ಕೊಡುವುದು ಅದರೊಳಗಿನ ರಬ್ಬರಿನ ಅಂಶ. ಬಿಸಿಲಿನ ನೇರಳಾತೀತ ಕಿರಣ ಮೊದಲು ತಿನ್ನುವುದೂ ಅದನ್ನೇ. ರಬ್ಬರು ಸತ್ತ ಮೇಲೆ ಉಳಿಯುವುದು ಹಪ್ಪಳದಂಥ ವಸ್ತು. ಆದ್ದರಿಂದ ಪರೀಕ್ಷೆ ಸುಲಭ: ಭಾಗವನ್ನು ಬಿಚ್ಚಿ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಬೇಕು. ಬಗ್ಗಿ ಮರಳಿದರೆ ಬಣ್ಣ ಹೊಡೆಯಲು ಅಡ್ಡಿಯಿಲ್ಲ. ಚಟ್ಟೆಂದು ಮುರಿದರೆ ಅದಕ್ಕೆ ಬೇಕಾದದ್ದು ಬಣ್ಣವಲ್ಲ, ಹೊಸ ಭಾಗ. ನಮ್ಮ ವಿಮಾನದಲ್ಲಿ ಹನ್ನೊಂದು ತುಣುಕುಗಳ ಪೈಕಿ ಎರಡು ಮುರಿದವು. ಎರಡೂ ಗಾಳಿಗಾಜಿನ, ಅಂದರೆ ಪೈಲಟ್ ಎದುರಿನ ವಿಂಡ್‌ಶೀಲ್ಡಿನ, ಅಂಚಿನವು, ಅಂದರೆ ಅತಿ ಹೆಚ್ಚು ಬಿಸಿಲು ತಿಂದವು. ಅವುಗಳ ಬದಲಿಗೆ ಒಕ್ಲಹೋಮಾದ ಆಲ್ವಾ ಊರಿನ ಪ್ಲೇನ್ ಪ್ಲಾಸ್ಟಿಕ್ಸ್‌ನಿಂದ ಹೊಸದನ್ನು ತರಿಸಿದೆವು. ಇಂಥ ಹೊಸ ಭಾಗಗಳ ಅಂಚನ್ನು ಕತ್ತರಿಸಿ ಸರಿಹೊಂದಿಸುವುದೂ ಸ್ಕ್ರೂವಿನ ರಂಧ್ರ ಕೊರೆಯುವುದೂ ಕೊಂಡವರ ಪಾಲಿನ ಕೆಲಸವೇ. ಅವುಗಳಿಗೂ ಹಳೆಯವುಗಳ ಜೊತೆಗೆ ಅದೇ ಬಣ್ಣ ಬಿತ್ತು. ಈಗ ಯಾವುದು ಹೊಸದು, ಯಾವುದು ಹಳೆಯದು ಎಂದು ನನಗೇ ಗೊತ್ತಾಗುವುದಿಲ್ಲ.

ಮಾಲೀಕನೇ ಇದನ್ನೆಲ್ಲ ಮಾಡಬಹುದೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸ್ಪಷ್ಟವಾದ ಉತ್ತರವಿದೆ. ಫೆಡರಲ್ ವಾಯುಯಾನ ನಿಯಮಗಳ 43ನೇ ಭಾಗದ ಅನುಬಂಧ 'ಎ'ಯಲ್ಲಿ, ಪೈಲಟ್ ಪರವಾನಗಿಯುಳ್ಳ ಮಾಲೀಕ ತಾನೇ ಮಾಡಿಕೊಳ್ಳಬಹುದಾದ ಮುನ್ನೆಚ್ಚರಿಕೆಯ ನಿರ್ವಹಣೆ ಕೆಲಸಗಳ ಪಟ್ಟಿಯಿದೆ. ಕ್ಯಾಬಿನ್ ಮತ್ತು ಕಾಕ್‌ಪಿಟ್ಟಿನ ಅಲಂಕಾರಿಕ ಲೇಪನವನ್ನು ಹೊಸದಾಗಿಸುವುದೂ ಒಳಗಿನ ಹೊದಿಕೆಗಳನ್ನು ರಿಪೇರಿ ಮಾಡುವುದೂ ಅದರಲ್ಲಿ ಸೇರಿವೆ. ಮುಖ್ಯ ಷರತ್ತು ಇದು: ವಿಮಾನದ ಮುಖ್ಯ ರಚನೆಯನ್ನಾಗಲಿ, ಕೆಲಸ ಮಾಡುವ ಯಾವುದೇ ವ್ಯವಸ್ಥೆಯನ್ನಾಗಲಿ ಬಿಚ್ಚುವಂತಿರಬಾರದು. ಕೆಲಸ ಮುಗಿದ ಮೇಲೆ ಏನು ಮಾಡಿದೆವೆಂಬುದನ್ನು ದಿನಾಂಕ, ಸಹಿ, ಪರವಾನಗಿಯ ಸಂಖ್ಯೆ ಮತ್ತು ದರ್ಜೆಯ ಸಮೇತ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಬೇರೆ ದೇಶದಲ್ಲಿ ನೋಂದಣಿಯಾದ ವಿಮಾನಕ್ಕೆ ಆ ದೇಶದ ನಿಯಮವೇ ಅನ್ವಯ. ಇದನ್ನು ಓದಿ ಯಾರೂ ಸ್ಕ್ರೂ ಡ್ರೈವರ್ ಹಿಡಿದು ಹೊರಡಬಾರದು.

ಆ ಷರತ್ತು ಎಲ್ಲಿ ಕಚ್ಚುತ್ತದೆ ಎಂಬುದು ನನಗೆ ಅರ್ಥವಾದದ್ದು ನಿಯಂತ್ರಣ ಚಕ್ರದ ವಿಷಯದಲ್ಲಿ. ಎಡಗಡೆಯ ಚಕ್ರದ ಹಿಡಿಕೆ ಐವತ್ತು ವರ್ಷಗಳ ಅಂಗೈ ಬೆವರಿಗೆ ಸವೆದು ನುಣ್ಣಗಾಗಿತ್ತು. ಅದನ್ನೂ ಕಳಚಿ ಬಣ್ಣ ಹೊಡೆದುಬಿಡೋಣ ಎಂದಾಗ, ಪ್ರತಿವರ್ಷದ ತಪಾಸಣೆ ಮಾಡಿಕೊಡುವ ನಮ್ಮ ಮೆಕ್ಯಾನಿಕ್ ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಅದು ಹಾರಾಟದ ನಿಯಂತ್ರಣ. ಅದನ್ನು ಕಳಚುವುದು ಅಲಂಕಾರದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅದನ್ನು ಮುಂದಿನ ವಾರ್ಷಿಕ ತಪಾಸಣೆಗೆ ಬಿಟ್ಟೆವು. ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊಂದಿಸುವ ಕೆಂಪು ಗುಬುಟು, ಥ್ರಾಟಲ್ಲಿನ ಕಪ್ಪು ಗುಬುಟು ಇವುಗಳನ್ನೂ ಮುಟ್ಟಲಿಲ್ಲ. ಅವುಗಳ ಬಣ್ಣ ಅಂದಕ್ಕಾಗಿ ಇರುವುದಲ್ಲ, ಕತ್ತಲಲ್ಲಾಗಲಿ ಗಾಬರಿಯಲ್ಲಾಗಲಿ ಕೈ ತಪ್ಪಬಾರದೆಂದು ಇರುವುದು.

ಇನ್ನು ಬಣ್ಣದ ವಿಷಯಕ್ಕೆ ಬರುತ್ತೇನೆ. ಕಲರ್ ಕೋಟ್ ಮೂಲತಃ ಕಾರುಗಳ ಒಳಾಂಗಣ ರಿಪೇರಿಯವರಿಗಾಗಿ ಮಾಡಿದ್ದು. ವಿನೈಲ್, ಗಟ್ಟಿ ಪ್ಲಾಸ್ಟಿಕ್ ಎರಡಕ್ಕೂ ಹಿಡಿಯುತ್ತದೆ. ಒಣಗಿದ ಮೇಲೂ ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಸ್ಪ್ರೇ ಬಣ್ಣ ದಪ್ಪಗೆ ಕೂತು, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ಚಕ್ಕೆಯಾಗಿ ಏಳುತ್ತದೆ. ಇದು ತೆಳ್ಳಗೆ ಅಂಟಿಕೊಳ್ಳುವುದರಿಂದ ಕೆಳಗಿನ ತೊಗಲಿನಂಥ ನವಿರಾದ ಗೆರೆಗಳು ಮುಚ್ಚಿಹೋಗುವುದಿಲ್ಲ, ಮತ್ತು ನನ್ನ ಮಟ್ಟಿಗೆ ಇದರ ಬಹುದೊಡ್ಡ ಗುಣ ಅದೇ. ಫಲಕದ ಹೊದಿಕೆಗೆ ಲ್ಯಾಂಡೌ ಬ್ಲ್ಯಾಕ್ ಎಂಬ ಮಂದ ಹೊಳಪಿನ ಕಪ್ಪು, ಕಂಬಗಳಿಗೂ ಬಾಗಿಲುಗಳಿಗೂ ತಿಳಿಬೂದು ಬಣ್ಣ ಎಂದು ಎರಡು ಬಣ್ಣ ಆರಿಸಿಕೊಂಡೆವು. ಹೊಳಪಿನ ಕಪ್ಪನ್ನು ಆರಿಸುವ ಮೋಹ ಬೇಡ: ಅದು ಗಾಳಿಗಾಜಿನಲ್ಲಿ ಪ್ರತಿಫಲಿಸಿ, ಸಂಜೆ ಪಡುವಣಕ್ಕೆ ಇಳಿಯುವಾಗ ರನ್‌ವೇ ಬದಲು ನಿಮ್ಮದೇ ಡ್ಯಾಶ್‌ಬೋರ್ಡನ್ನು ತೋರಿಸುತ್ತದೆ. ಒಟ್ಟು ಏಳು ಡಬ್ಬಿ ತಂದೆವು, ಆರು ಮುಗಿದವು. ಶುದ್ಧಿ ಮಾಡುವ ದ್ರಾವಣಗಳು, ಹಿಡಿತ ಹೆಚ್ಚಿಸುವ ಸ್ಪ್ರೇ, ಟೇಪು, ಮುಖಗವಸು ಎಲ್ಲ ಸೇರಿ ಇನ್ನೂರ ಅರವತ್ತು ಡಾಲರ್ ಚಿಲ್ಲರೆ ಖರ್ಚಾಯಿತು. ಇದೇ ಕೆಲಸಕ್ಕೆ ಒಬ್ಬ ಒಳಾಂಗಣದವರು ಹೇಳಿದ ಮೊತ್ತದಲ್ಲಿ ಎಂಜಿನ್ ಖರ್ಚಿಗೆಂದು ನಾವು ಕೂಡಿಟ್ಟ ನಿಧಿಯ ಕಾಲು ಭಾಗ ಕರಗುತ್ತಿತ್ತು.

ಬಣ್ಣ ಹೊಡೆಯುವುದಕ್ಕೆ ನಮಗೆ ತಗುಲಿದ್ದು ಒಂದು ಶನಿವಾರ. ತೊಳೆಯುವುದಕ್ಕೆ ತಗುಲಿದ್ದು ಮೂರು ವಾರಾಂತ್ಯ. ಈ ಲೆಕ್ಕವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಐವತ್ತು ವರ್ಷಗಳಲ್ಲಿ ಪ್ಲಾಸ್ಟಿಕ್‌ನ ಗೆರೆಗಳೊಳಗೆ ಕೈಬೆವರು, ಸಿಗರೇಟಿನ ಹೊಗೆ, ಎಂಜಿನ್ ಎಣ್ಣೆ, ಕಾಫಿ ಎಲ್ಲವೂ ಸೇರಿ ಪಾಕಗಟ್ಟಿರುತ್ತವೆ. ಇವೆಲ್ಲಕ್ಕಿಂತ ದೊಡ್ಡ ಶತ್ರು ಸಿಲಿಕೋನ್. ಡ್ಯಾಶ್‌ಬೋರ್ಡ್ ಮಿರಿಮಿರಿ ಮಿಂಚಲೆಂದು ಹಿಂದಿನ ಮಾಲೀಕರು ಒರೆಸುತ್ತ ಬಂದ ಹೊಳಪಿನ ದ್ರಾವಣಗಳಲ್ಲಿ ಅದು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಒಂದು ತೊಳೆತಕ್ಕೆ ಹೋಗುವುದೂ ಇಲ್ಲ. ಅದರ ಮೇಲೆ ಬಣ್ಣ ಬಿದ್ದರೆ, ಜಿಡ್ಡಿನ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಬಣ್ಣ ಸರಿದು ನಿಂತು ನಡುವೆ ಸಣ್ಣ ಸಣ್ಣ ದುಂಡನೆಯ ಗುಳಿಗಳಾಗುತ್ತವೆ. ಪೇಂಟಿನವರು ಫಿಶ್ ಐ ಎನ್ನುವುದು ಇದಕ್ಕೇ. ನಾನು ಆತುರಪಟ್ಟು ಮೊದಲು ಬಣ್ಣ ಹೊಡೆದ ಗ್ಲೋವ್ ಬಾಕ್ಸಿನ ಮುಚ್ಚಳದ ತುಂಬ ಹೀಗೆ ಗುಳಿ ಎದ್ದವು. ತಪ್ಪು ಬಣ್ಣದ್ದಲ್ಲ, ನನ್ನದು. ಅಷ್ಟನ್ನೂ ಒರೆಸಿ ತೆಗೆದು, ಮೊದಲಿನಿಂದ ಶುರು ಮಾಡಿದೆ.

ಎರಡನೆಯ ಸಲ ಅನುಸರಿಸಿದ ಕ್ರಮ ಹೀಗಿತ್ತು. ಮೊದಲು ಪಾತ್ರೆ ತೊಳೆಯುವ ದ್ರಾವಣ ಮತ್ತು ಮೆತ್ತನೆಯ ಬ್ರಷ್ಷಿನಿಂದ, ನೀರು ತಿಳಿಯಾಗಿ ಹರಿಯುವ ತನಕ ತಿಕ್ಕಿದೆ. ಮೂರು ಸಲ ತಿಕ್ಕಿದ ಮೇಲೂ ಚಹಾ ಬಣ್ಣದ ನೀರೇ ಬಂತು. ಆಮೇಲೆ ಬೂದುಬಣ್ಣದ ಸ್ಕಾಚ್ ಬ್ರೈಟ್‌ಗೆ ಸೆಮ್‌ನವರದೇ ಸೋಪಿನ ಲೇಪ ಹಚ್ಚಿ, ಗೆರೆಗಳು ಅಳಿಯದಂತೆ, ಆದರೆ ಹೊಳಪು ಪೂರ್ತಿ ಸಾಯುವಂತೆ ಉಜ್ಜಿದೆ. ಉಪ್ಪುಕಾಗದವನ್ನು ಬಿರುಕು ಬೆಸೆದ ಜಾಗ ಬಿಟ್ಟು ಬೇರೆಲ್ಲೂ ಬಳಸಲಿಲ್ಲ. ಒಣಗಿದ ಮೇಲೆ ಶುದ್ಧಿ ಮಾಡುವ ದ್ರಾವಣದಿಂದ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಒರೆತಕ್ಕೂ ಬಟ್ಟೆ ಬದಲಿಸಿದೆ. ಒಂದೇ ಬಟ್ಟೆಯಿಂದ ಹಿಂದಕ್ಕೂ ಮುಂದಕ್ಕೂ ಒರೆಸಿದರೆ ಸಿಲಿಕೋನ್ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಕೊನೆಗೆ ಭಾಗದ ಮೇಲೆ ನೀರು ಚಿಮುಕಿಸಿ ನೋಡುತ್ತಿದ್ದೆ. ನೀರು ಹಾಳೆಯಂತೆ ಹರಡಿದರೆ ಮೈ ಶುದ್ಧ. ಮುತ್ತಿನಂತೆ ಗುಂಡಾಗಿ ನಿಂತರೆ ಮತ್ತೆ ತೊಟ್ಟಿಗೆ. ಅದಾದ ನಂತರ ಬರಿಗೈ ತಾಕಿಸುವಂತಿಲ್ಲ.

ಬಿರುಕುಗಳದ್ದು ಪ್ರತ್ಯೇಕ ಕಥೆ. ಕಲರ್ ಕೋಟ್ ಯಾವ ಬಿರುಕನ್ನೂ ತುಂಬುವುದಿಲ್ಲ, ಮುಚ್ಚುವುದೂ ಇಲ್ಲ. ಬದಲಿಗೆ, ಒಂದೇ ಸಮನಾದ ಬಣ್ಣ ಬಂದ ಮೇಲೆ ಬಿರುಕು ಮುಂಚಿಗಿಂತ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಆದ್ದರಿಂದ ಬಿರುಕಿನ ತುದಿಯಲ್ಲಿ ಸಣ್ಣದೊಂದು ತೂತು ಕೊರೆದು ಅದು ಮುಂದಕ್ಕೆ ಹರಿಯದಂತೆ ತಡೆದು, ಹಿಂಬದಿಯಿಂದ ಬೆಸೆದೆವು. ಮುರಿದ ಆ ಎರಡು ಭಾಗಗಳನ್ನು ಎಸೆಯದೆ ಚೂರು ಮಾಡಿ ಅಸಿಟೋನಿನಲ್ಲಿ ಒಂದು ರಾತ್ರಿ ನೆನೆಸಿಟ್ಟಿದ್ದೆವು. ಬೆಳಗ್ಗೆ ಅದು ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ, ಅಸಿಟೋನ್ ಆರಿಹೋದಾಗ ಮತ್ತೆ ಪ್ಲಾಸ್ಟಿಕ್ಕೇ ಆಗುತ್ತದೆ. ಇದನ್ನು ಅಂಟಿಸಿದ್ದು ಅನ್ನುವುದಕ್ಕಿಂತ ಬೆಸೆದದ್ದು ಅನ್ನಬೇಕು. ತೆಳುವಾದ ಗಾಜಿನ ನಾರಿನ ಬಟ್ಟೆಯ ಪಟ್ಟಿಯೊಂದನ್ನು ಹಿಂಬದಿಯಲ್ಲಿಟ್ಟು ಅದರ ಮೇಲೆ ಈ ಹಿಟ್ಟನ್ನು ಸವರಿದರೆ ಸ್ಕ್ರೂ ರಂಧ್ರದ ಸುತ್ತಲಿನ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಆದರೆ ಅಸಿಟೋನ್ ಕೈಯಲ್ಲಿರುವಾಗ ವಿಮಾನದ ಹತ್ತಿರ ಸುಳಿಯಬಾರದು. ಗಾಳಿಗಾಜು ಎಂದು ನಾವು ಕರೆಯುವುದು ಗಾಜಲ್ಲ, ಅಕ್ರಿಲಿಕ್. ಅಸಿಟೋನಿನ ಒಂದು ಹನಿ ಬಿದ್ದರೂ ಅದು ಮಂಜಾಗಿ ಕೂದಲೆಳೆಯಂಥ ಸೀಳು ಬಿಡುತ್ತದೆ. ಮನೆಯ ಕಿಟಕಿ ಒರೆಸುವ ಅಮೋನಿಯಾ ದ್ರಾವಣವೂ ಅದಕ್ಕೆ ವಿಷವೇ.

ಇದೇ ಕಾರಣಕ್ಕೆ ಕಾಕ್‌ಪಿಟ್ಟಿನೊಳಗೆ ಕುಳಿತು ಒಂದೇ ಒಂದು ಸಲವೂ ಸ್ಪ್ರೇ ಒತ್ತಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಾಗದ, ಟೇಪು ಎಷ್ಟೇ ಅಂಟಿಸಿದರೂ ಬಣ್ಣದ ಹುಡಿ ಉಪಕರಣಗಳ ಗಾಜಿನ ಅಂಚಿಗೋ, ಸ್ವಿಚ್ಚಿನ ಸಂದಿಗೋ ನುಸುಳಿಯೇ ತೀರುತ್ತದೆ. ಬಿಚ್ಚಬಹುದಾದದ್ದನ್ನು ಬಿಚ್ಚಿ ಹೊರಗೆ ಹೊಡೆಯಬೇಕು, ಬಿಚ್ಚಲಾಗದ್ದನ್ನು ಹಾಗೆಯೇ ಬಿಡಬೇಕು. ನಾವು ಹ್ಯಾಂಗರಿನ ಹಿಂದೆ, ಅಕ್ಟೋಬರಿನ ಗಾಳಿಯಿಲ್ಲದ ಒಣ ಬೆಳಗಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದಂತೆ ತಂತಿ ಕಟ್ಟಿ ಭಾಗಗಳನ್ನು ತೂಗುಹಾಕಿದೆವು. ತೇವದ ಹವೆಯಲ್ಲಿ ಹೊಡೆದರೆ ಬಣ್ಣ ಬಿಳಿಚಿಕೊಳ್ಳುವ ಅಪಾಯವಿದೆ. ಮೊದಲು ಸ್ಯಾಂಡ್ ಫ್ರೀ ಎಂಬ ಹಿಡಿತದ ಸ್ಪ್ರೇ, ಅದು ಹಸಿಯಾಗಿರುವಾಗಲೇ ಬಣ್ಣದ ಮೊದಲ ಪದರ. ಮೊದಲ ಪದರದಲ್ಲೇ ಎಲ್ಲವೂ ಮುಚ್ಚಬೇಕೆಂಬ ಹಟ ಬೇಡ. ಮಂಜು ಕೂತಂತೆ ಅರೆಬರೆ ಕಂಡರೆ ಸಾಕು. ಎಂಟು ಹತ್ತು ಅಂಗುಲ ದೂರದಿಂದ, ಕೈ ನಿಲ್ಲಿಸದೆ, ಭಾಗದ ಅಂಚಿನ ಹೊರಗೆ ಶುರುಮಾಡಿ ಹೊರಗೇ ಮುಗಿಸುತ್ತ ನಾಲ್ಕು ತೆಳುವಾದ ಪದರ ಹೊಡೆದೆವು. ಡಬ್ಬಿಯ ಮೂತಿ ಸೂಕ್ಷ್ಮವಾದ, ಅಗಲವಾದ ಹುಡಿಯನ್ನು ಚಿಮ್ಮುತ್ತದೆ. ಕೊನೆಯ ತನಕ ಎಲ್ಲೂ ಉಗುಳಲಿಲ್ಲ. ಕೆಲವೇ ನಿಮಿಷಗಳಲ್ಲಿ ಮುಟ್ಟುವಷ್ಟು ಒಣಗುತ್ತದೆ, ಆದರೆ ಸ್ಕ್ರೂ ಬಿಗಿಯುವ ಮೊದಲು ನಾವು ಒಂದು ವಾರ ಬಿಟ್ಟೆವು. ವಾಸನೆ ಮಾತ್ರ ಘಾಟು. ಬಟ್ಟೆಯ ಮುಖಗವಸು ಸಾಲದು. ದ್ರಾವಕದ ಆವಿಯನ್ನು ತಡೆಯುವ ಇದ್ದಿಲ ಡಬ್ಬಿಯುಳ್ಳದ್ದೇ ಬೇಕು.

ಗ್ಲೇರ್‌ಶೀಲ್ಡ್, ಅಂದರೆ ಫಲಕದ ಮೇಲೆ ಚಾಚಿಕೊಂಡಿರುವ ನೆರಳುಚಾವಣಿ, ಈ ಬಣ್ಣಕ್ಕೆ ಬಗ್ಗಲಿಲ್ಲ. ಅದರ ವಿನೈಲ್ ಹೊದಿಕೆ ಮೆದುವಾಗಿಡುವ ಎಣ್ಣೆಯಂಶವನ್ನೆಲ್ಲ ಬಿಸಿಲಿಗೆ ಕಳೆದುಕೊಂಡು ಕೆರೆಯಂಗಳದ ಒಣಮಣ್ಣಿನಂತೆ ಸೀಳಿತ್ತು. ಅದಕ್ಕೆ ಹೊಸ ಬಟ್ಟೆಯನ್ನೇ ಹೊದಿಸಿದೆವು. ಸಿಎಆರ್ 3 ಎಂಬ ಅಮೆರಿಕದ ಹಳೆಯ ವಾಯುಯಾನ ನಿಯಮಗಳಡಿ ಪ್ರಮಾಣೀಕೃತವಾದ ಇಂಥ ವಿಮಾನಗಳ ಒಳಗೆ ಬಳಸುವ ವಸ್ತು ಕಿಡಿ ತಾಕಿದೊಡನೆ ಭಗ್ಗೆಂದು ಹತ್ತುವಂಥದ್ದಾಗಿರಬಾರದು. ಆದ್ದರಿಂದ ಬಟ್ಟೆಯ ಜೊತೆಗೆ ದಹನ ಪರೀಕ್ಷೆಯ ಪ್ರಮಾಣಪತ್ರವನ್ನೂ ಪಡೆದು ವಿಮಾನದ ದಾಖಲೆಗಳೊಂದಿಗೆ ಇಟ್ಟಿದ್ದೇವೆ. ಬಣ್ಣದ ಬಗ್ಗೆಯೂ ಕೆಲಸಕ್ಕೆ ಮುಂಚೆಯೇ ಮೆಕ್ಯಾನಿಕ್ಕರನ್ನು ಕೇಳಿದ್ದೆವು. ಅವರು ಬಣ್ಣ ಹೊಡೆದು ಒಣಗಿಸಿದ ಒಂದು ಚೂರನ್ನು ತರಿಸಿಕೊಂಡು, ಹ್ಯಾಂಗರಿನ ಹೊರಗೆ ಅದಕ್ಕೆ ಬೆಂಕಿಕಡ್ಡಿ ಹಿಡಿದು ನೋಡಿದ ಮೇಲೇ ಹೂಂ ಅಂದರು.

ಸಣ್ಣದಾದರೂ ದೊಡ್ಡ ಮಾತೊಂದಿದೆ: ಸೂಚನಾ ಫಲಕಗಳು. ಕಾಕ್‌ಪಿಟ್ಟಿನಲ್ಲಿ ಅಂಟಿಸಿರುವ ಚೀಟಿಗಳಲ್ಲಿ ಹಲವು ಕಾನೂನಿನ ಪ್ರಕಾರ ಅಲ್ಲಿರಲೇಬೇಕಾದವು; ಅವಿಲ್ಲದೆ ವಿಮಾನ ಹಾರುವಂತಿಲ್ಲ. ಇಂಧನದ ತಿರುವುಗುಂಡಿಯ ಸುತ್ತಲಿನ ಚೀಟಿಯನ್ನೇ ನೋಡಿ. ಎರಡೂ ತೊಟ್ಟಿ ಸೇರಿ 38 ಗ್ಯಾಲನ್, ಎಲ್ಲ ಭಂಗಿಯ ಹಾರಾಟಕ್ಕೆ. ಎಡ ಅಥವಾ ಬಲದ ಒಂದೇ ತೊಟ್ಟಿಯಾದರೆ 19 ಗ್ಯಾಲನ್, ಸಮತಲ ಹಾರಾಟಕ್ಕೆ ಮಾತ್ರ ಎಂದು ಅದು ಹೇಳುತ್ತದೆ. ಬಣ್ಣದ ಭರದಲ್ಲಿ ಅದು ಮುಚ್ಚಿಹೋದರೆ ಚೆಂದ ಕೆಟ್ಟಿತೆಂಬುದಷ್ಟೇ ಅಲ್ಲ ಸಮಸ್ಯೆ. ನಾವು ಬಿಚ್ಚುವ ಮುನ್ನ ಪ್ರತಿ ಚೀಟಿಯ ಫೋಟೋ ತೆಗೆದು, ಕೈಪಿಡಿಯಲ್ಲಿರುವ ಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡಿದೆವು. ಆಗ ತಿಳಿದದ್ದು, ಇರಬೇಕಾದ ಒಂದು ಚೀಟಿ ನಾವು ವಿಮಾನ ಕೊಳ್ಳುವ ಮೊದಲೇ ಮಾಯವಾಗಿತ್ತು ಎಂದು. ಬಣ್ಣ ಹೊಡೆಯದೇ ಇದ್ದಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಜೋಡಿಸುವಾಗ ಹಳೆಯ ತುಕ್ಕು ಹಿಡಿದ ಸ್ಕ್ರೂಗಳನ್ನು ಬದಲಿಸುವ ಆಸೆ ಎಲ್ಲರಿಗೂ ಆಗುತ್ತದೆ. ದಿಕ್ಸೂಚಿಯ ಆಸುಪಾಸಿನಲ್ಲಿ ಮಾತ್ರ ಉಕ್ಕಿನ ಸ್ಕ್ರೂ ಹಾಕಬಾರದು, ಹಿತ್ತಾಳೆಯಂಥ ಅಯಸ್ಕಾಂತಕ್ಕೆ ಸೆಳೆಯದ ಲೋಹವೇ ಬೇಕು. ತುದಿಯಲ್ಲಿ ಅಯಸ್ಕಾಂತವಿರುವ ಸ್ಕ್ರೂ ಡ್ರೈವರನ್ನು ನನ್ನ ಪಾಲುದಾರರೊಬ್ಬರು ದಿಕ್ಸೂಚಿಯ ಪಕ್ಕಕ್ಕೆ ತಂದಾಗ ಮುಳ್ಳು ಗಿರ್ರನೆ ತಿರುಗಿದ್ದನ್ನು ನೋಡಿ, ಆ ಸ್ಕ್ರೂ ಡ್ರೈವರನ್ನು ಅಂದೇ ಮನೆಯ ಅಡುಗೆಮನೆಯ ಡ್ರಾಯರಿಗೆ ವರ್ಗಾಯಿಸಿದೆವು.

ಹದಿನಾಲ್ಕು ತಿಂಗಳ ನಂತರದ ಸ್ಥಿತಿ ಹೀಗಿದೆ. ಫಲಕದ ಹೊದಿಕೆಯ ಕಪ್ಪು ಒಂದಿಷ್ಟೂ ಮಾಸಿಲ್ಲ, ಗುಬುಟುಗಳ ಸುತ್ತ ಬೆರಳು ತಾಕುವಲ್ಲಿಯೂ ಎದ್ದಿಲ್ಲ. ತಿಳಿಬೂದು ಬಣ್ಣದ ಕಂಬಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಹೊಸದರಂತೆ ಕಾಣುತ್ತವೆ. ಬೆಸೆದ ಒಂಬತ್ತು ಬಿರುಕುಗಳಲ್ಲಿ ಒಂದು ಮತ್ತೆ ಬಾಯಿ ತೆರೆದಿದೆ. ಅಲ್ಲಿ ನಾರಿನ ಪಟ್ಟಿ ಇಡದೆ ಬರೀ ಹಿಟ್ಟು ಸವರಿದ್ದೆ. ಹೆಡ್‌ಸೆಟ್ಟಿನ ತಂತಿಯ ಲೋಹದ ತುದಿ ತಾಕುವ ಕಡೆ ಎರಡು ಗೀರು ಬಿದ್ದು ಹಳೆಯ ಹಳದಿ ಇಣುಕುತ್ತಿದೆ. ಚೂಪಾದ ವಸ್ತುವಿನ ಗೀರಿಗೆ ಈ ತೆಳುಪದರ ತಡೆಯುವುದಿಲ್ಲ. ಹೊಸ ಭಾಗಗಳನ್ನೇ ಹಾಕಿಸಲು ಹಣವಿರುವವರಿಗೆ, ಅಥವಾ ಮೂರು ವಾರಾಂತ್ಯ ತೊಳೆಯುವ ತಾಳ್ಮೆಯಿಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಉಳಿದವರಿಗೆ, ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕಳೆದ ಅರ್ಧ ಅಂಕ ಆ ಗೀರುಗಳದ್ದು.

ಪೈಲಟ್ ಪಕ್ಕದ ಬಾಗಿಲಿನ ಮೊಣಕೈ ಊರುವ ಜಾಗದಲ್ಲಿ ಮಾತ್ರ ಬಣ್ಣ ಸವೆದು ರೂಪಾಯಿಯಗಲದ ಮಚ್ಚೆಯೊಂದು ಮೂಡಿದೆ. ಅದನ್ನು ಮುಂದಿನ ಅಕ್ಟೋಬರಿನಲ್ಲಿ ಸರಿಪಡಿಸಬೇಕು. ಮುಗಿಯದೆ ಉಳಿದ ಏಳನೆಯ ಡಬ್ಬಿ ಅದಕ್ಕೆ ಸಾಕು.